‘ವಾಟರ್’ ಪದ್ಯಕ್ಕೆ ಜೋಡಿ ಯಾವುದು? ಪ್ರೇಮಚಂದ್, ಆನಂದ್, ಅಂಬೇಡ್ಕರ್ ಮೂವರನ್ನೂ ಕ್ಲಾಸಿನಲ್ಲಿ ಓದಿಸಿ ನೋಡಿದ್ದು

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪಠ್ಯ ‘ಸ್ಪ್ರಿಂಗ್ಸ್’ ಪಾಠ ಮಾಡುವಾಗ ಚಲ್ಲಪಲ್ಲಿ ಸ್ವರೂಪರಾಣಿ ಅವರ ‘ವಾಟರ್’ ಪದ್ಯಕ್ಕೆ ಜೋಡಿ ಪಾಠ ಹುಡುಕಿದಷ್ಟು ಇನ್ಯಾವುದಕ್ಕೂ ಹುಡುಕಿಲ್ಲ. ಮೂಲ ತೆಲುಗು. ಊರಿಗೂ ಕೇರಿಗೂ ತಲೆತಲಾಂತರದಿಂದ ನಡೆದಿರುವ ಜಗಳ ನೀರಿಗೆ ಗೊತ್ತು ಅಂತ ಶುರುವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಮಕ್ಕಳಿಗೆ ನೀರಿನ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಬೇಸಿಗೆಯಲ್ಲಿ ಟ್ಯಾಂಕರ್, ನಲ್ಲಿ ಬಿಡುವ ದಿನ ಕೊಡಗಳ ಸಾಲು, ಎಲ್ಲ ನೋಡಿಯೇ ಕ್ಲಾಸಿಗೆ ಬಂದಿರುತ್ತಾರೆ. ತೊಂದರೆ ಬರುವುದೂ ಅಲ್ಲೇ. ಪದ್ಯ ಓದಿ ಮುಗಿಸಿದರೆ ಅರ್ಧ ಕ್ಲಾಸು ‘ನೀರಿನ ಅಭಾವ’ ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಪದ್ಯದ ಬಾವಿಯಲ್ಲಿ ನೀರು ಬೇಕಾದಷ್ಟಿದೆ. ದಲಿತರಿಗೆ ಸೇದಲು ಬಿಡುವುದಿಲ್ಲ, ಅಷ್ಟೆ.

ಜೋಡಿ ಪಾಠದಿಂದ ನನಗೆ ಬೇಕಾಗಿದ್ದು ಇದೇ ವ್ಯತ್ಯಾಸ ಕಾಣಿಸುವುದು. ಅದನ್ನು ಓದಿದ ಮೇಲೆ ಹುಡುಗರು ಪದ್ಯಕ್ಕೆ ವಾಪಸ್ ಹೋಗಿ ಯಾವುದಾದರೂ ಒಂದು ಸಾಲನ್ನು ಬೇರೆ ಥರ ಓದಬೇಕು. ‘ಅಲ್ಲೂ ನೀರು, ಇಲ್ಲೂ ನೀರು’ ಅನ್ನುವ ಜೋಡಿ ಸುಮ್ನೆ ದಂಡ. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದರೆ ಕೋಲ್‌ರಿಜ್‌ನ ಮುದಿ ನಾವಿಕನ ಹೆಸರು ಬಂದೇ ಬರುತ್ತದೆ. ಸುತ್ತ ಸಮುದ್ರ, ಕುಡಿಯೋಕೆ ಹನಿ ಇಲ್ಲ. ಸರಿ, ಆದರೆ ಅಲ್ಲಿ ನೀರು ಉಪ್ಪು. ಕುಡಿಯಬೇಡ ಅಂದವರು ಯಾರೂ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಕೊನೆಗೆ ಬೇರೆ ಬೇರೆ ಬ್ಯಾಚಿನಲ್ಲಿ ಓದಿಸಿದ್ದು ಮೂರು.

ಮೊದಲು ಪ್ರೇಮಚಂದ್. 1932ರ ‘ಠಾಕೂರನ ಬಾವಿ’ ಕತೆಯ ಇಂಗ್ಲಿಷ್ ಅನುವಾದ. ಗಂಡ ಜೋಖು ಹುಷಾರಿಲ್ಲದೆ ಮಲಗಿದ್ದಾನೆ, ಮನೆಯಲ್ಲಿರುವ ನೀರು ನಾರುತ್ತಿದೆ. ಹೆಂಡತಿ ಗಂಗಿ ರಾತ್ರಿ ಕದ್ದುಮುಚ್ಚಿ ಠಾಕೂರನ ಬಾವಿಗೆ ಹೋಗುತ್ತಾಳೆ. ಕೊಡ ತುಂಬಿ ಮೇಲೆ ಬಂದು, ಇನ್ನೇನು ಎತ್ತಿಕೊಳ್ಳಬೇಕು, ಠಾಕೂರನ ಮನೆ ಬಾಗಿಲು ತೆರೆಯುತ್ತದೆ. ಹಗ್ಗ ಕೈಯಿಂದ ಜಾರುತ್ತದೆ. ಓಡಿ ಮನೆಗೆ ಬಂದರೆ ಗಂಡ ಅದೇ ಗಬ್ಬು ನೀರನ್ನು ಕುಡಿಯುತ್ತಿದ್ದಾನೆ. ಒಂದೇ ಪೀರಿಯಡ್ಡಿಗೆ ಮುಗಿಯುತ್ತದೆ, ಕ್ಲಾಸು ಉಸಿರು ಬಿಗಿಹಿಡಿದು ಕೇಳುತ್ತದೆ. ಪಾಠ ಮಾಡುವವರಿಗೆ ಇದಕ್ಕಿಂತ ಸುಲಭದ್ದು ಸಿಗಲಿಕ್ಕಿಲ್ಲ.

ಉತ್ತರ ಬರೆಸಿದಾಗ ಮಾತ್ರ ನಿರಾಸೆ. ‘ಎರಡರಲ್ಲೂ ದಲಿತರಿಗೆ ನೀರು ಸಿಗುವುದಿಲ್ಲ’ ಅನ್ನುವಲ್ಲಿಗೆ ಎಲ್ಲರೂ ನಿಂತುಬಿಡುತ್ತಾರೆ. ಕತೆಯೂ ಪದ್ಯವೂ ಒಂದೇ ದಿಕ್ಕಿಗೆ ಹೋಗುವುದರಿಂದ ಹೋಲಿಸುವುದಕ್ಕೆ ಜಾಸ್ತಿ ಏನೂ ಉಳಿಯುವುದಿಲ್ಲ. ಕತೆಯಲ್ಲಿ ಉಪಯೋಗಕ್ಕೆ ಬರುವುದು ಒಂದು ಸಣ್ಣ ಭಾಗ. ಗಂಗಿ ಕತ್ತಲಲ್ಲಿ ಅಡಗಿ ಕೂತಾಗ ಮೇಲ್ಜಾತಿಯ ಇಬ್ಬರು ಹೆಂಗಸರು ನೀರಿಗೆ ಬರುತ್ತಾರೆ. ಗಂಡಸರು ತಾವು ಕೂತು ನಮಗೆ ಹುಕುಂ ಮಾಡುತ್ತಾರೆ ಅಂತ ಗೊಣಗುತ್ತಾರೆ. ಹುಡುಗಿಯರು ಇದನ್ನು ಬೇಗ ಹಿಡಿಯುತ್ತಾರೆ. ಬಾವಿ ಯಾರದ್ದಾದರೂ ಕೊಡ ಹೊರುವವಳು ಹೆಂಗಸೇ ಅಲ್ವಾ ಸರ್ ಅಂದಳು ಒಬ್ಬಳು. ಅವಳೇ ಮುಂದುವರಿದು, ನಮ್ಮ ಓಬವ್ವ ಕೂಡ ನೀರಿಗೆ ಹೋದಾಗಲೇ ಕಿಂಡಿ ಹತ್ತಿರ ಸಪ್ಪಳ ಕೇಳಿಸಿಕೊಂಡಿದ್ದು ಅಂತ ಸೇರಿಸಿದಳು. ಕೋಟೆ ಊರಿನ ಕ್ಲಾಸು, ಕೇಳಬೇಕೇ! ಉಳಿದ ಪೀರಿಯಡ್ ಒನಕೆ ಓಬವ್ವನಿಗೇ ಹೋಯಿತು.

ಮುಲ್ಕ್ ರಾಜ್ ಆನಂದ್ ಅವರ 1935ರ ‘ಅನ್‌ಟಚೆಬಲ್’ ಕಾದಂಬರಿಯ ಬಾವಿಕಟ್ಟೆಯ ಭಾಗ ಇದಕ್ಕೆ ಪೂರ್ತಿ ಉಲ್ಟಾ. ಕ್ಲಾಸಿನಲ್ಲಿ ಕಷ್ಟ, ಉತ್ತರದಲ್ಲಿ ಲಾಭ. ಕಕ್ಕಸು ಗುಡಿಸುವ ಹುಡುಗ ಬಖಾನ ತಂಗಿ ಸೋಹಿನಿ ಕೊಡ ಹಿಡಿದು ಬಾವಿಕಟ್ಟೆಯ ಕೆಳಗೆ ಕಾಯುತ್ತಾಳೆ. ಮೇಲ್ಜಾತಿಯವರು ಯಾರಾದರೂ ಬಂದು ಸೇದಿ ಹುಯ್ಯಬೇಕು. ಪದ್ಯದಲ್ಲೂ ಶೂದ್ರನೊಬ್ಬ ಬರುವವರೆಗೆ ಪಂಚಮ, ಅಂದರೆ ನಾಲ್ಕು ವರ್ಣದ ಹೊರಗಿನವನು, ಇಡೀ ದಿನ ಕೊಡ ಹಿಡಿದು ಕಾಯುವ ಚಿತ್ರ ಇದೆ. ಇಷ್ಟು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಟ್ಟೆಯ ಕೆಳಗೆ ನಡೆಯುವ ಜಗಳ. ಸೋಹಿನಿಯ ಮೇಲೆ ಹರಿಹಾಯುವವಳು ಬ್ರಾಹ್ಮಣರ ಹೆಂಗಸಲ್ಲ, ಪಕ್ಕದಲ್ಲೇ ಕಾಯುತ್ತಿರುವ ಅಗಸಗಿತ್ತಿ ಗುಲಾಬೋ. ತಾನು ಇವಳಿಗಿಂತ ಒಂದು ಮೆಟ್ಟಿಲು ಮೇಲೆ ಅನ್ನುವುದು ಅವಳ ಜಂಬ. ತಡೆಯಲು ಬರುವವಳು ನೇಯ್ಗೆಯವನ ಹೆಂಡತಿ ವಜೀರೋ.

ಪದ್ಯದಲ್ಲಿ ಚರ್ಮಕ್ಕೂ ನೂಲಿಗೂ ಇರುವ ಒಳಜಾತಿಯ ಭೇದ ನೀರಿಗೆ ಗೊತ್ತು ಅನ್ನುವ ಸಾಲಿದೆಯಲ್ಲ, ಗೈಡ್‌ಗಳು ಅದನ್ನು ಮಾದಿಗ–ಮಾಲ ಅನ್ನುವ ಎರಡು ದಲಿತ ಜಾತಿಗಳು ಅಂತ ಒಂದು ಸಾಲಿನಲ್ಲಿ ಮುಗಿಸುತ್ತವೆ. ಆನಂದರ ಈ ಜಗಳ ಓದಿದ ಮೇಲೆ ಆ ಸಾಲಿಗೆ ಜೀವ ಬರುತ್ತದೆ. ಆದರೂ ಇದನ್ನು ಇಡೀ ಕ್ಲಾಸಿಗೆ ಕೊಡಿ ಅಂತ ನಾನು ಹೇಳುವುದಿಲ್ಲ. ವಾಕ್ಯಗಳು ಉದ್ದ. ಪಂಜಾಬಿ ಬೈಗುಳಗಳನ್ನು ಇಂಗ್ಲಿಷಿಗೆ ಇಳಿಸಿರುವ ರೀತಿಗೆ ಹಿಂದಿನ ಬೆಂಚು ನಕ್ಕು ನಕ್ಕು ಪಾಠ ಕೈತಪ್ಪುತ್ತದೆ. ಮುಂದೆ ಪೂಜಾರಿ ಕಾಳೀನಾಥ ಸೋಹಿನಿಯ ಮೇಲೆ ಕೈ ಹಾಕುವ ಘಟನೆಯೂ ಇದಕ್ಕೇ ಹೊಂದಿಕೊಂಡಿದೆ. ಅದನ್ನು ಓದಿಸುವುದಾದರೆ ತಯಾರಿ ಬೇಕು. ಓದಿಸದಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಗುರುತು ಹಾಕಿಕೊಂಡಿರಬೇಕು.

ಮೂರನೆಯದು ಅಂಬೇಡ್ಕರ್ ಅವರ ಆತ್ಮಕಥನ ‘ವೇಟಿಂಗ್ ಫಾರ್ ಎ ವೀಸಾ’. ನನ್ನ ವೋಟು ಇದಕ್ಕೇ. ಮೊದಲ ಅಧ್ಯಾಯ ಸಾಕು. ಇಂಗ್ಲಿಷಿನಲ್ಲೇ ಬರೆದದ್ದು, ಭಾಷೆ ಎಷ್ಟು ಸರಳ ಅಂದರೆ ಕನ್ನಡ ಮಾಧ್ಯಮದಿಂದ ಬಂದವರೂ ತಾವೇ ಓದಿಕೊಳ್ಳುತ್ತಾರೆ. 1901ರ ಬೇಸಿಗೆ ರಜೆ. ಒಂಬತ್ತು ವರ್ಷದ ಹುಡುಗ ಹೊಸ ಬಟ್ಟೆ, ಜರಿ ಟೋಪಿ ಹಾಕಿಕೊಂಡು ಅಣ್ಣನ ಜೊತೆ ಅಪ್ಪ ಕೆಲಸಕ್ಕಿದ್ದ ಊರಿಗೆ ರೈಲು ಹತ್ತುತ್ತಾನೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಸ್ಪೃಶ್ಯರೆನಿಸಿದ ಮಹಾರ್ ಜಾತಿಯ ಹುಡುಗರು ಅಂತ ಗೊತ್ತಾಗುತ್ತಲೇ ಸ್ಟೇಷನ್ ಮಾಸ್ತರರ ಮುಖ ಬದಲಾಗುತ್ತದೆ. ಗಾಡಿಯವನು ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಆದರೆ ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ನೀರಿಲ್ಲ. ಮುಸಲ್ಮಾನರು ಅಂತ ಹೇಳಿ ಕೇಳಿ ನೋಡು ಅನ್ನುತ್ತಾನೆ ಗಾಡಿಯವನು. ಸುಂಕದ ಕಟ್ಟೆಯಲ್ಲಿ ಹಾಗೇ ಹೇಳಿದರೂ ನೀರು ಸಿಗುವುದಿಲ್ಲ. ಬುತ್ತಿ ಪಕ್ಕದಲ್ಲಿಟ್ಟುಕೊಂಡು ಹಸಿದೇ ಮಲಗುತ್ತಾರೆ.

ಅಪ್ಪನಿಗೆ ಅಲ್ಲಿ ಏನು ಕೆಲಸ ಗೊತ್ತೇ? ಬರಗಾಲದ ಕಾಮಗಾರಿಯಾಗಿ ಸರ್ಕಾರ ಕೆರೆ ತೋಡಿಸುತ್ತಿದ್ದ ಕಡೆ ಕ್ಯಾಷಿಯರ್. ಕೆರೆ ತೋಡುವ ಊರಿಗೆ ಹೊರಟ ಮಕ್ಕಳಿಗೆ ಕುಡಿಯಲು ನೀರಿಲ್ಲ. ಇದನ್ನು ನಾನು ಹೇಳದೆ ಬಿಟ್ಟರೂ ಯಾರಾದರೂ ಕಂಡುಹಿಡಿದೇ ಹಿಡಿಯುತ್ತಾರೆ.

ಸ್ಕೂಲಿನ ನಲ್ಲಿಯ ಮಾತೂ ಇದೇ ಅಧ್ಯಾಯದಲ್ಲಿ ಬರುತ್ತದೆ. ಹುಡುಗ ನಲ್ಲಿ ಮುಟ್ಟುವ ಹಾಗಿಲ್ಲ, ಪ್ಯೂನ್ ಬಂದು ತಿರುಗಿಸಬೇಕು. ಪ್ಯೂನ್ ಇಲ್ಲದ ದಿನ ನೀರಿಲ್ಲ. ‘ನಲ್ಲಿ ಇತ್ತು, ನೀರೂ ಇತ್ತು, ಪ್ಯೂನ್ ಇರಲಿಲ್ಲ’ ಅಂತ ಕಾಮರ್ಸ್ ಸೆಕ್ಷನ್ನಿನ ಹುಡುಗನೊಬ್ಬ ಬರೆದ. ಅಭಾವಕ್ಕೂ ಅಡ್ಡಿಗೂ ಇರುವ ವ್ಯತ್ಯಾಸವನ್ನು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹೀಗೆ ಮುಟ್ಟಿಸಲು ಆಗಿರಲಿಲ್ಲ.

ಇನ್ನೊಂದು ಲಾಭ ಇದೆ. ಪದ್ಯದಲ್ಲಿ ಚವದಾರ್ ಕೆರೆಯ ನೀರಿಗಾಗಿ ನಡೆದ ಮಹಾಡ್ ಹೋರಾಟ ಬರುತ್ತದೆ, ಕೆರೆ ನೀರು ಕೊಳಕು ಮಾಡಿದ್ದಕ್ಕೆ ಜಮೀನ್ದಾರರ ಎದುರು ಕೊಡ ಎತ್ತಿದ ಕಾರಂಚೇಡಿನ ಸುವಾರ್ತಮ್ಮ ಬರುತ್ತಾಳೆ. ಮಹಾಡ್‌ಗೆ 1927ರ ಮಾರ್ಚ್ 20, ಕಾರಂಚೇಡು ಹತ್ಯಾಕಾಂಡಕ್ಕೆ 1985ರ ಜುಲೈ 17 ಅಂತ ಮಕ್ಕಳು ತಾರೀಕು ಬಾಯಿಪಾಠ ಮಾಡುತ್ತಾರೆ. ಈ ಅಧ್ಯಾಯ ಓದಿದ ಮೇಲೆ ಲೆಕ್ಕ ಹಾಕಿಸಿ. ಸುಂಕದ ಕಟ್ಟೆಯಲ್ಲಿ ಬಾಯಾರಿ ಮಲಗಿದ ಹುಡುಗನೇ 26 ವರ್ಷದ ಮೇಲೆ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು. ಪದ್ಯದಲ್ಲಿ ‘ನಾವು’ ಅನ್ನುವ ಕೇರಿಯ ದನಿ, ಇಲ್ಲಿ ‘ನಾನು’ ಅನ್ನುವ ಒಬ್ಬ ಹುಡುಗನ ದನಿ. ಒಂದು ಸಿಟ್ಟಿನಲ್ಲಿದೆ, ಇನ್ನೊಂದು ಬೇಕೆಂದೇ ತಣ್ಣಗಿದೆ. ಆಂತರಿಕ ಅಂಕದ ಪ್ರಾಜೆಕ್ಟ್‌ಗೆ ಇಷ್ಟು ಸಾಮಗ್ರಿ ಸಾಕು, ಗೈಡಿನಲ್ಲಿ ಇದರ ಉತ್ತರವೂ ಸಿಗುವುದಿಲ್ಲ.

ಯಾವುದನ್ನು ಓದಿಸಿದರೂ ‘ನಿಮ್ಮೂರಲ್ಲಿ ಹೇಗಿದೆ’ ಅಂತ ಯಾರನ್ನೂ ನಿಲ್ಲಿಸಿ ಕೇಳಬೇಡಿ. ಒಂದೇ ಬೆಂಚಿನಲ್ಲಿ ಎಲ್ಲ ಕೇರಿಯವರೂ ಕೂತಿರುತ್ತಾರೆ. ಬರೆಯುವವರು ಕೇಳದೆಯೂ ಬರೆಯುತ್ತಾರೆ.

ಒಂದೇ ಪೀರಿಯಡ್ ಇದ್ದರೆ ಪ್ರೇಮಚಂದ್ ಓದಿಸಿ. ಎರಡು ಸಿಕ್ಕರೆ ಅಂಬೇಡ್ಕರ್. ಆನಂದರ ಬಾವಿಕಟ್ಟೆಯನ್ನು ಪ್ರಾಜೆಕ್ಟ್‌ಗೆ ಚರ್ಮ–ನೂಲಿನ ಸಾಲನ್ನು ಆರಿಸಿಕೊಂಡವರಿಗೆ ಮಾತ್ರ ಕೊಡಿ. ಅಂಬೇಡ್ಕರ್ ಝೆರಾಕ್ಸ್ ಮಾಡಿಸುವಾಗ 1934ರ ದೌಲತಾಬಾದ್ ಕೋಟೆಯ ಭಾಗವನ್ನೂ ಸೇರಿಸಿಕೊಳ್ಳಿ, ಚಿಕ್ಕದು. ಅಂಬೇಡ್ಕರ್ ಮತ್ತು ಜೊತೆಯವರು ಧೂಳು ಹತ್ತಿದ ಮುಖ ತೊಳೆದರು ಅಂತ, ಕೊಳ ಮೈಲಿಗೆಯಾಯಿತು ಎಂದು ಅಲ್ಲಿನ ಮುಸಲ್ಮಾನರು ಕೂಗಾಡುತ್ತಾರೆ. ಒಳಗೆ ಬಿಟ್ಟಾಗಲೂ ಎಲ್ಲೂ ನೀರು ಮುಟ್ಟದ ಹಾಗೆ ಕಾವಲಿಗೆ ಒಬ್ಬ ಸಿಪಾಯಿ. ಮಸೂರಿನ ಗಾಡಿಯವನು ಕಲಿಸಿದ ಸುಳ್ಳಿನ ಎದುರು ಇದನ್ನಿಟ್ಟು ಕೇಳಿ. ನಮ್ಮ ಕೋಟೆಯ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿ ಬೆಳೆದ ಮಕ್ಕಳು, ಪ್ರಶ್ನೆ ಅವರೇ ಎತ್ತುತ್ತಾರೆ.