ಡಿಗ್ರಿ ಆದಮೇಲೆ ಪೋಸ್ಟ್‌ಬ್ಯಾಕ್: ಪಾಠಕ್ಕೆ ಪೂರ್ತಿ ಅಂಕ, ಸಲಹೆಗೆ ಸೊನ್ನೆ

ನ್ಯೂಜೆರ್ಸಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಜೆ ಹೊತ್ತಿನ ಪೋಸ್ಟ್‌ಬ್ಯಾಕ್, ಅಂದರೆ ಡಿಗ್ರಿ ಆದಮೇಲೆ ಮೆಡಿಕಲ್‌ ಸೀಟಿಗಾಗಿ ಓದುವ ವಿಜ್ಞಾನದ ಕೋರ್ಸ್‌ಗಳು, ಮುಗಿಸಿದ್ದೇನೆ. ಇಲ್ಲಿ ಬಯಾಲಜಿ ಡಿಗ್ರಿ ಮಾಡಿ, ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಸಾಲದೆ ಮೆಡಿಕಲ್‌ ಸೀಟಿಗೆ ಅರ್ಜಿ ಹಾಕೋದೋ ಬೇಡವೋ ಅಂತ ಕೂತಿರುವ ನಮ್ಮವರು ಸೇರುವ ಮೊದಲು ಇದನ್ನು ಓದಿ. ಯಾವ ಯಾವ ಕೋರ್ಸ್ ಬೇಕು ಅನ್ನೋದು ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ನನ್ನ ಸಿಟ್ಟು. ಸೇರುವಾಗ ಸಲಹೆಗಾರರು ಹೇಳಿದ್ದು ಎರಡೇ ಮಾತು: ಜಿಪಿಎ ಮೇಲೇರುತ್ತದೆ, ಕೊನೆಗೆ ಕಮಿಟಿ ಲೆಟರ್, ಅಂದರೆ ಮೆಡಿಕಲ್‌ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಪರವಾಗಿ ಬರೆಯುವ ಶಿಫಾರಸು ಪತ್ರ, ಸಿಗುತ್ತದೆ. ಜಿಪಿಎ ಎಷ್ಟು ಏರುತ್ತದೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಲೆಕ್ಕ ನೀವೇ ಹಾಕಿ. 120 ಕ್ರೆಡಿಟ್‌ಗೆ 3.1 ಇದ್ದವರು ಇನ್ನೂ 30 ಕ್ರೆಡಿಟ್ ಓದಿ ಎಲ್ಲದರಲ್ಲೂ 'ಎ' (ಅಂದರೆ 4) ತೆಗೆದರೂ ಒಟ್ಟು ನಿಲ್ಲುವುದು 3.28ಕ್ಕೆ. ಹಳೇ ಕೋರ್ಸನ್ನೇ ಮತ್ತೆ ಓದಿದರೆ, ಎಂಡಿ ಕಾಲೇಜುಗಳಿಗೆ ಅರ್ಜಿ ಹಾಕುವ ಕೇಂದ್ರ ವ್ಯವಸ್ಥೆಯಾದ ಆಮ್‌ಕಾಸ್‌ ಎರಡೂ ಗ್ರೇಡ್ ಎಣಿಸುತ್ತದೆ. ಆಸ್ಟಿಯೋಪತಿ ಕಾಲೇಜುಗಳ (ಡಾಕ್ಟರಾಗಲು ಇಲ್ಲಿರುವ ಇನ್ನೊಂದು ದಾರಿ) ಅರ್ಜಿಯಲ್ಲಿ ಹಳೇ ಗ್ರೇಡ್ ತೆಗೆದುಹಾಕುವ ಅನುಕೂಲವಿತ್ತು, 2017ರಲ್ಲಿ ಅದೂ ನಿಂತಿತು. ಮಾಸ್ಟರ್ಸ್ ಮಟ್ಟದ ಕೋರ್ಸ್ ತೆಗೆದುಕೊಂಡರೆ ಆ ಅಂಕ ಬೇರೆಯೇ ಸಾಲಿನಲ್ಲಿ ಕೂರುತ್ತದೆ, ಡಿಗ್ರಿಯ ಜಿಪಿಎಯನ್ನು ಮುಟ್ಟುವುದೇ ಇಲ್ಲ. ಹೊಸ ಗ್ರೇಡ್‌ಗಳು ಏರುಮುಖ ತೋರಿಸುತ್ತವೆ, ಅದಕ್ಕೆ ಬೆಲೆಯಿದೆ. ಆದರೆ ದುಡ್ಡು ಕಟ್ಟಿಸಿಕೊಳ್ಳುವವರು ಇಷ್ಟನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು.

ಕಮಿಟಿ ಲೆಟರ್‌ದು ಇನ್ನೂ ಬೇಸರದ ಕತೆ. ಇಂತಿಷ್ಟು ಕ್ರೆಡಿಟ್ ಅಲ್ಲೇ ಓದಿರಬೇಕು, ಜಿಪಿಎ ಇಂತಿಷ್ಟಿರಬೇಕು ಅನ್ನುವ ಷರತ್ತು ಹೊರಬಿದ್ದದ್ದು ಅರ್ಧ ದಾರಿ ಸಾಗಿದ ಮೇಲೆ. ಫೀಸ್ ಉಳಿಸಲು ಫಿಸಿಕ್ಸನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಮುಗಿಸಿದ್ದ ನನ್ನ ಸಹಪಾಠಿಗೆ ಆ ಪತ್ರ ಸಿಗಲೇ ಇಲ್ಲ.

ಇಷ್ಟಾದರೂ ಆ ಸಂಜೆಗಳನ್ನು ನೆನೆದರೆ ಮನಸ್ಸು ತಣ್ಣಗಾಗುತ್ತದೆ. ಹಗಲೆಲ್ಲ ಕ್ಲಿನಿಕ್‌ನಲ್ಲಿ ಸ್ಕ್ರೈಬ್ ಕೆಲಸ, ಡಾಕ್ಟರು ರೋಗಿಯ ಜೊತೆ ಮಾತಾಡಿದ್ದನ್ನೆಲ್ಲ ಟೈಪ್ ಮಾಡುವುದು. ಅದು ಮುಗಿದ ಮೇಲೆ ಕ್ಯಾಂಪಸ್‌ನ ಪಾರ್ಕಿಂಗ್‌ನಲ್ಲಿ ಹೀಟರ್ ಹಾಕಿಕೊಂಡು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುತ್ತಾ ರಿಯಾಕ್ಷನ್ ಕಾರ್ಡುಗಳನ್ನು ತಿರುವುತ್ತಿದ್ದೆ. ಕಾರ್ಡುಗಳ ಅಂಚಿಗೆಲ್ಲ ಅರಿಶಿನ. ಆಮೇಲೆ ಕೈ ತೊಳೆದು, ಕನ್ನಡಕದ ಮೇಲೆ ಗಾಗಲ್ಸ್ ಏರಿಸಿ ಆರ್ಗ್ಯಾನಿಕ್ ಲ್ಯಾಬ್‌ಗೆ.

ಬೆಂಜೋಯಿಕ್ ಆಮ್ಲವನ್ನು ಶುದ್ಧಮಾಡಲು ಕುದಿಯುವ ನೀರಿನಲ್ಲಿ ಕರಗಿಸಿ, ಬಿಸಿಯಿರುವಾಗಲೇ ಸೋಸಿ, ಅಲುಗಾಡಿಸದೆ ಆರಲು ಬಿಡಬೇಕು. ಒಂದು ಸಂಜೆ ನನ್ನ ಫ್ಲಾಸ್ಕ್‌ನಲ್ಲಿ ಹರಳೇ ಮೂಡಲಿಲ್ಲ. ಮೇಡಂ ಬಂದು ಗಾಜಿನ ಕಡ್ಡಿ ಕೈಗಿಟ್ಟು ಒಳಮೈ ಗೀಚಲು ಹೇಳಿದರು. ಗೀಚಿದ ಜಾಗದಿಂದಲೇ ಬಿಳಿ ಸೂಜಿಗಳು ಹಬ್ಬತೊಡಗಿದವು. ಏಕೆ ಹೀಗಾಯಿತು ಅಂತ ನನ್ನಿಂದಲೇ ಹೇಳಿಸಿದರು. ಒಣಗಿಸಿ ನೋಡಿದರೆ 122 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಥಟ್ಟನೆ ಕರಗಿತು, ಅಂದರೆ ಶುದ್ಧವಾಗಿತ್ತು. ಡಿಗ್ರಿಯಲ್ಲಿ ನೂರಾರು ಜನರ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು ಬಾಯಿಪಾಠ ಮಾಡಿದ್ದ ಕೆಮಿಸ್ಟ್ರಿ ನನಗೆ ಅರ್ಥವಾದದ್ದು ಈ ಲ್ಯಾಬ್‌ನಲ್ಲಿ. ಮೆಡಿಕಲ್‌ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ ಓದಿಗೂ ಅದೇ ಕೈಹಿಡಿಯಿತು. ನನ್ನ ಹೆಸರು, ಕೆಲಸದ ವೇಳೆ, ತಡವರಿಸುವ ಜಾಗ ಎಲ್ಲ ಆ ಮೇಡಂಗೆ ಗೊತ್ತಿತ್ತು. ಶಿಫಾರಸು ಪತ್ರವನ್ನೂ ಅವರೇ ಬರೆದುಕೊಟ್ಟರು.

ಊರಲ್ಲಿ ಬಿಎಸ್ಸಿ ಮಾಡಿ ಇಲ್ಲಿಗೆ ಬಂದವರಿಗೆ ಪೋಸ್ಟ್‌ಬ್ಯಾಕ್ ನನಗಿಂತ ಹೆಚ್ಚು ಉಪಯೋಗ. ಆ ಅಂಕಗಳು ಆಮ್‌ಕಾಸ್‌ ಜಿಪಿಎಗೆ ಸೇರುವುದಿಲ್ಲ, ಬಹಳಷ್ಟು ಕಾಲೇಜುಗಳು ಇಲ್ಲಿಯ ಕ್ರೆಡಿಟ್ಟನ್ನೇ ಕೇಳುತ್ತವೆ. ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಕಾಲೇಜುಗಳು ಕಡಿಮೆ, ಮೊದಲು ಅದನ್ನು ವಿಚಾರಿಸಿ.

ನಮ್ಮಂಥ ಸಂಬಳದವರು ಪ್ಯಾಕೇಜ್ ಕೋರ್ಸಿಗೆ ಹತ್ತಾರು ಸಾವಿರ ಡಾಲರ್ ಸುರಿಯಬೇಕಿಲ್ಲ. ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದೊಂದೇ ಕೋರ್ಸ್ ತೆಗೆದುಕೊಂಡರೂ ಗ್ರೇಡ್‌ಗೆ ಅದೇ ಬೆಲೆ. ಪ್ಯಾಕೇಜೇ ಬೇಕೆಂದರೆ ಕಮಿಟಿ ಲೆಟರ್ ನಿಯಮಗಳನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಆ ಕಡೆ ತಲೆ ಹಾಕಬೇಡಿ.