ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸ್ತೀವಿ ಎನ್ನುವವರ ಕೈಗೆ ಅಂಗಡಿಯ ಬೀಗದ ಕೈ ಕೊಡಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ, ಮಸಾಲೆ ಅಂಗಡಿ, ಟ್ಯಾಕ್ಸಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಮೇಡಂ, ನಿಮ್ಮ ಬಿಸಿನೆಸ್ ಗೂಗಲ್‌ನಲ್ಲಿ ಕಾಣ್ತಾನೇ ಇಲ್ಲ. ಮೂರು ತಿಂಗಳಲ್ಲಿ ಫಸ್ಟ್ ಪೇಜಿಗೆ ತರ್ತೀವಿ, ಗ್ಯಾರಂಟಿ" ಎಂಬ ಫೋನ್ ನಿಮಗೂ ಬಂದಿರುತ್ತದೆ, ಅಥವಾ ಇನ್ನು ಮೇಲೆ ಬರುತ್ತದೆ.

ನಮ್ಮದು ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಪುಡಿ ಅಂಗಡಿ. ಅಪ್ಪ ಬೀಜ ಹುರಿದು, ಗಿರಾಕಿಯ ಎದುರಿಗೇ ಪುಡಿ ಮಾಡಿಕೊಡುತ್ತಾರೆ. ಚಿಕೋರಿ ಎಷ್ಟು ಹಾಕಬೇಕು, ಹಾಕಲೇಬಾರದಾ ಎಂದು ಗಿರಾಕಿಯನ್ನೇ ಕೇಳುತ್ತಾರೆ. ಊರಿನವರಿಗೆ ನಮ್ಮನ್ನು ಹುಡುಕಲು ಗೂಗಲ್ ಬೇಡ. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿ ಇಳಿದು ಬರುವ ಪ್ರವಾಸಿಗರು ಕಾರಿನಲ್ಲೇ ಫೋನ್ ತೆಗೆದು ಹುಡುಕುತ್ತಾರೆ. ಮ್ಯಾಪ್‌ನಲ್ಲಿ ಯಾವ ಅಂಗಡಿ ಕಾಣುತ್ತದೋ ಅಲ್ಲಿಗೆ ಹೋಗುತ್ತಾರೆ. ಅದಕ್ಕೇ ಒಂದು ಏಜೆನ್ಸಿಗೆ ತಿಂಗಳಿಗೆ 12,000 ರೂಪಾಯಿಯಂತೆ ಆರು ತಿಂಗಳದ್ದು ಮುಂಗಡ ಕೊಟ್ಟೆವು.

ತಿಂಗಳಿಗೊಂದು ರಿಪೋರ್ಟ್ ಬರುತ್ತಿತ್ತು. ತುಂಬ ಹಸಿರು ಬಾಣಗಳು, ಎಲ್ಲದರಲ್ಲೂ ನಾವೇ ನಂಬರ್ ಒನ್. ಯಾವ ಪದಗಳಿಗೆ ಎಂದು ನೋಡಿದರೆ, ಒಂದು ನಮ್ಮ ಅಂಗಡಿಯ ಹೆಸರೇ. ಉಳಿದವು "ಪ್ಯೂರ್ ಪೀಬೆರಿ ಫಿಲ್ಟರ್ ಕಾಫಿ ಪೌಡರ್ ಶಾಪ್ ಚಿಕ್ಕಮಗಳೂರು ಟೌನ್" ಥರದ ಉದ್ದುದ್ದ ಸಾಲುಗಳು. ಹಾಗೆ ಯಾರು ಟೈಪ್ ಮಾಡುತ್ತಾರೆ ಹೇಳಿ? ಯಾರೂ ಹುಡುಕದ ಪದಕ್ಕೆ ಮೊದಲು ಬರುವುದು ಕಷ್ಟವೇ ಅಲ್ಲ. ಜನ ನಿಜವಾಗಿ ಏನು ಬರೆದು ನಿಮ್ಮ ವೆಬ್‌ಸೈಟಿಗೆ ಬಂದರು ಎಂದು ಗೂಗಲ್‌ನವರ ಸರ್ಚ್ ಕನ್ಸೋಲ್ ಪುಕ್ಕಟೆ ತೋರಿಸುತ್ತದೆ. ಅದರ ಪಾಸ್‌ವರ್ಡ್ ಕೇಳಿದಾಗಲೆಲ್ಲ "ಅದು ಟೆಕ್ನಿಕಲ್ ಮೇಡಂ, ನಾವು ನೋಡ್ಕೋತೀವಿ" ಅಂದರು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಾಗುತ್ತಿದ್ದೆವು. ಅವರು ನಮ್ಮನ್ನು ಕೇಳದೆ ಮ್ಯಾಪ್‌ನಲ್ಲಿ ಅಂಗಡಿಯ ಹೆಸರನ್ನೇ ಬದಲಾಯಿಸಿದರು. ಅಪ್ಪ ಇಟ್ಟ ಹೆಸರಿನ ಹಿಂದೆ "ಬೆಸ್ಟ್ ಕಾಫಿ ಪೌಡರ್, ಹೋಲ್‌ಸೇಲ್, ಸ್ಪೈಸಸ್, ಚಿಕ್ಕಮಗಳೂರು" ಎಂದು ಬಾಲ ಅಂಟಿಸಿದರು. ಬೋರ್ಡಿನಲ್ಲಿ ಇರುವ ಹೆಸರೇ ಮ್ಯಾಪ್‌ನಲ್ಲೂ ಇರಬೇಕು ಎನ್ನುವುದು ಗೂಗಲ್‌ನ ನಿಯಮ. ಹೀಗೆ ಪದ ತುರುಕಿದರೆ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿರುವ ಅಂಗಡಿಯ ಪುಟ, ಅಮಾನತಾಗಬಹುದು. ಜೊತೆಗೆ ಐದು ಸ್ಟಾರ್ ರಿವ್ಯೂಗಳು ಶುರುವಾದವು. ಒಂದರಲ್ಲಿ "ರೂಮ್ ತುಂಬ ಕ್ಲೀನ್ ಆಗಿತ್ತು" ಎಂದಿತ್ತು. ಕಾಫಿ ಪುಡಿ ಅಂಗಡಿಯಲ್ಲಿ ಎಲ್ಲಿಯ ರೂಮು! ನಮ್ಮ ನಿಜವಾದ ಗಿರಾಕಿಗಳು ಅದನ್ನು ಓದಿ ಏನು ಅಂದುಕೊಂಡಿರಬೇಡ.

ದಸರಾ ರಜೆ, ಊರಿನ ತುಂಬ ಜನ. ಆಗಲೇ ನಮ್ಮ ಅಂಗಡಿ ಮ್ಯಾಪ್‌ನಿಂದ ಮಾಯವಾಯಿತು. ವರ್ಷಗಳಿಂದ ಗಿರಾಕಿಗಳು ಪ್ರೀತಿಯಿಂದ ಬರೆದ ಮಾತುಗಳು, ಫೋಟೋಗಳು, ಒಂದೂ ಕಾಣುತ್ತಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ "ಗೂಗಲ್ ಅಪ್‌ಡೇಟ್ ಬಂದಿದೆ ಮೇಡಂ, ಎಲ್ಲರಿಗೂ ಹೀಗೇ" ಅಂದರು. ಹಾಗಾದರೆ ನಮ್ಮ ಲೆಕ್ಕ ಮುಗಿಸಿ ಎಂದಾಗ ನಿಜ ಹೊರಬಿತ್ತು. ಪ್ರೊಫೈಲಿನ ಮುಖ್ಯ ಮಾಲೀಕರ ಜಾಗದಲ್ಲಿ ಇದ್ದದ್ದು ಅವರ ಇಮೇಲ್. ನಾವು ಬರೀ ಮ್ಯಾನೇಜರ್. ವೆಬ್‌ಸೈಟಿನ ಡೊಮೈನ್, ಅಂದರೆ ಅದರ ವಿಳಾಸ, ಕೂಡ ಅವರ ಖಾತೆಯಲ್ಲೇ ಕೊಂಡದ್ದು. ಬಿಟ್ಟುಕೊಡಲು ಬೇರೆ ದುಡ್ಡು ಕೇಳಿದರು.

ಅಪ್ಪ ಕಟ್ಟಿದ ಹೆಸರಿಗೆ ನಾವೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಂತೆ! ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಗೂಗಲ್‌ಗೆ ಮೇಲ್ಮನವಿ ಹಾಕಿದೆವು. ಜಿಎಸ್‌ಟಿ ಸರ್ಟಿಫಿಕೇಟ್, ನಗರಸಭೆಯ ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್, ಬೋರ್ಡಿನ ಫೋಟೋ ಕಳಿಸಿ, ಹೆಸರನ್ನು ಮೊದಲಿನಂತೆ ಮಾಡಿದ ಮೇಲೆ ಅಂಗಡಿ ಮತ್ತೆ ಮ್ಯಾಪ್‌ಗೆ ಬಂತು. ವಕೀಲರಿಂದ ನೋಟಿಸ್ ಹೋದ ಮೇಲೆ ಏಜೆನ್ಸಿಯವರು ಮಾಲೀಕತ್ವವನ್ನೂ ಬಿಟ್ಟುಕೊಟ್ಟರು. ಡೊಮೈನ್ ಮಾತ್ರ ಸಿಗಲಿಲ್ಲ. ಹೊಸ ವಿಳಾಸ ಮಾಡಿಸಿ, ಅಚ್ಚಾಗಿದ್ದ ಕವರ್‌ಗಳ ಮೇಲೆ ಸ್ಟಿಕರ್ ಅಂಟಿಸಿ ಮಾರಿದೆವು.

ಆ ಹಳೆಯ ಸೈಟಿಗೆ ಅವರು, ಹುಡುಕಾಟದಲ್ಲಿ ಮೇಲೆ ತರಲೆಂದು, ಜೂಜಿನ ಸೈಟುಗಳಿಂದೆಲ್ಲ ಲಿಂಕ್ ಹಾಕಿಸಿದ್ದರು ಎಂದು ಆಮೇಲೆ ಗೊತ್ತಾಯಿತು. ಕೊಂಡ ಲಿಂಕುಗಳನ್ನು ಹಿಡಿಯಲೆಂದೇ ಗೂಗಲ್ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತ್ತು. 2016ರಿಂದ ಅದು ಹುಡುಕಾಟದ ಮುಖ್ಯ ಲೆಕ್ಕಾಚಾರದಲ್ಲೇ ಸೇರಿಕೊಂಡಿದೆ. ಅಷ್ಟು ಹಳೆಯ ಮೋಸವನ್ನು ಇವತ್ತಿಗೂ ಸಣ್ಣ ಊರಿನವರಿಗೆ ಮಾರುತ್ತಿದ್ದಾರೆ.

ಗ್ಯಾರಂಟಿ ಎಂಬ ಮಾತಿಗೆ ಬರೋಣ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿದೆ. ಮಾಮೂಲಿ ಹುಡುಕಾಟದಲ್ಲಿ ಮೇಲೆ ತರಲು ಅದು ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟು ಮೇಲೆ ಬರುವುದು ಜಾಹೀರಾತು, ಅದರ ಮೇಲೆ 'ಸ್ಪಾನ್ಸರ್ಡ್' ಎಂದಿರುತ್ತದೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಒಳ್ಳೆಯ ಕೆಲಸ ಮಾಡಿದರೂ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಅದೂ ಅಲ್ಲದೆ, ಮ್ಯಾಪ್‌ನಲ್ಲಿ ತೋರಿಸುವಾಗ ಗೂಗಲ್, ಹುಡುಕಿದ ಪದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಜನಕ್ಕೆ ಪರಿಚಿತ ಎಂಬ ಮೂರನ್ನು ನೋಡುತ್ತದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಕಾಣುವ ಪಟ್ಟಿಯೇ ಬೇರೆ, ನಮ್ಮ ಐ.ಜಿ. ರಸ್ತೆಯಲ್ಲಿ ನಿಂತವರಿಗೆ ಕಾಣುವುದೇ ಬೇರೆ. ಹಾಗಿರುವಾಗ ಎಲ್ಲರಿಗೂ ನಂಬರ್ ಒನ್ ಮಾಡುತ್ತೇವೆ ಎನ್ನುವುದು ಶುದ್ಧ ಸುಳ್ಳು.

ಹಾಗಂತ ಯಾರಿಗೂ ದುಡ್ಡೇ ಕೊಡಬೇಡಿ ಎನ್ನುತ್ತಿಲ್ಲ. ಸೈಟ್ ಮೊಬೈಲಿನಲ್ಲಿ ತೆರೆಯಲು ತಡವಾಗುತ್ತಿದ್ದರೆ, ಹೋಂಸ್ಟೇ ಬುಕಿಂಗ್ ಪುಟ ಸರಿಯಿಲ್ಲದಿದ್ದರೆ, ಗೊತ್ತಿದ್ದವರಿಂದ ಆ ಕೆಲಸ ಮಾಡಿಸಿ, ಆ ಕೆಲಸಕ್ಕೆ ದುಡ್ಡು ಕೊಡಿ. ನಾವೂ ಹಾಗೇ ಮಾಡಿಸಿದ್ದೇವೆ. ಆದರೆ ಒಂದೇ ಅಂಗಡಿ ಇರುವವರಿಗೆ ತಿಂಗಳ ಕಂತಿನ ಸೇವೆ ಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಅಂಗಡಿ ತೆರೆಯುವ ಸರಿಯಾದ ಸಮಯ, ಹೊಸ ಫೋಟೋ ಹಾಕುವುದು, ರಿವ್ಯೂಗೆ ಉತ್ತರ ಬರೆಯುವುದು ಮನೆಯ ಮಕ್ಕಳಿಗೂ ಬರುತ್ತದೆ. ಗಿರಾಕಿಗಳಿಗೆ ರಿವ್ಯೂ ಬರೆಯಿರಿ ಎಂದು ಬಾಯಿಬಿಟ್ಟು ಕೇಳಿ. ಅದಕ್ಕೆ ಡಿಸ್ಕೌಂಟ್ ಮಾತ್ರ ಕೊಡಬೇಡಿ, ಅದೂ ನಿಯಮಕ್ಕೆ ವಿರುದ್ಧ.

ಈಗಾಗಲೇ ಯಾರಿಗಾದರೂ ಕೆಲಸ ಕೊಟ್ಟಿದ್ದರೆ ಇವತ್ತೇ ಪ್ರೊಫೈಲಿನ ಸೆಟ್ಟಿಂಗ್ಸ್‌ನಲ್ಲಿ 'ಪೀಪಲ್ ಅಂಡ್ ಆಕ್ಸೆಸ್' ತೆರೆದು ನೋಡಿ. ಮುಖ್ಯ ಮಾಲೀಕರ ಜಾಗದಲ್ಲಿ ನಿಮ್ಮ ಇಮೇಲ್ ಇರಬೇಕು, ಕೆಲಸದವರು ಮ್ಯಾನೇಜರ್ ಆಗಿದ್ದರೆ ಸಾಕು. ನಿಮ್ಮ ಹೆಸರೇ ಅಲ್ಲಿಲ್ಲದಿದ್ದರೆ ಮಾಲೀಕತ್ವ ಕೇಳಿ ಗೂಗಲ್ ಮೂಲಕವೇ ಕೋರಿಕೆ ಕಳಿಸಬಹುದು, ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಇರುತ್ತದೆ. ಡೊಮೈನ್ ಯಾರ ಖಾತೆಯಲ್ಲಿದೆ ಎಂದೂ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಫೋನಿಗೆ ಬಂದ ಕೋಡ್ ಯಾರಿಗೂ ಓದಿ ಹೇಳಬೇಡಿ. ದುಡ್ಡು ಕೊಟ್ಟ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆನ್‌ಲೈನ್ ಹಣದ ವಂಚನೆಯಾದರೆ 1930. ಬಿಲ್ಲು, ಮೆಸೇಜು ಒಂದನ್ನೂ ಅಳಿಸಬೇಡಿ. ನಮ್ಮ ವಕೀಲರು ಮೊದಲು ಕೇಳಿದ್ದೇ ಅವನ್ನು.