ಅಕ್ವೇರಿಯಂ ಬ್ಯಾಕ್‌ಗ್ರೌಂಡ್ ಶೀಟ್: ಎರಡು ವರ್ಷ ಬಳಸಿದ ಮೇಲೆ

ಒಂದು ಮಗ್ಗುಲಲ್ಲಿ ಗಿಡ-ಬಂಡೆಗಳ ಚಿತ್ರ, ಇನ್ನೊಂದರಲ್ಲಿ ಅಚ್ಚ ಕಪ್ಪು; ರೋಲಿನಿಂದ ಅಳತೆಗೆ ಕತ್ತರಿಸಿ ಕೊಡುವ ಆ ಪ್ಲಾಸ್ಟಿಕ್ ಹಾಳೆಯ ವಿಮರ್ಶೆ ಇದು. ಹಿಂದಿನ ಗಾಜಿನ ಹೊರಮೈಗೆ ನಾಲ್ಕು ಕಡೆ ಟೇಪ್ ಹಚ್ಚಿದರೆ ಮುಗಿಯಿತು ಎಂದು ಮಾರುವವರು ಹೇಳುತ್ತಾರೆ. ಹಾಗೆ ಹಚ್ಚಿದರೆ 5ಕ್ಕೆ 2 ಅಂಕ, ಅದೂ ಧಾರಾಳವಾಯಿತು.

ಮೊದಲ ದಿನ ಪರವಾಗಿಲ್ಲ. ನೀರು ಬದಲಿಸುವಾಗ ತೊಟ್ಟಿಯ ಹಿಂದೆ ನಾಲ್ಕು ಹನಿ ಇಳಿಯಲಿ, ಆಗ ಗೊತ್ತಾಗುತ್ತದೆ. ಹನಿ ಹಾಳೆಯ ಸಂದಿಗೆ ನುಗ್ಗಿ ಭೂಪಟದಂಥ ಕಲೆ ಬರೆಯುತ್ತದೆ: ಒದ್ದೆಯಾದ ಕಡೆ ಕಡುಗಪ್ಪು, ಉಳಿದ ಕಡೆ ಮಾಸಲು ಬೂದು. ಪಕ್ಕದ ಗಾಜಿನಿಂದ ನೋಡಿದರಂತೂ ಹಾಳೆಯೇ ಕಾಣುವುದಿಲ್ಲ, ಬೆಳ್ಳಿಯಂತೆ ಹೊಳೆಯುವ ಕನ್ನಡಿ. ಗಂಡು ಫೈಟರ್ ಮೀನಿದ್ದರೆ ಆ ಕನ್ನಡಿಯಲ್ಲಿ ಕಂಡ ‘ಎದುರಾಳಿ’ಯ ಮೇಲೆ ಕಿವಿರು ಅರಳಿಸಿಕೊಂಡು ಏರಿಹೋಗುವುದೇ ಅದರ ಕೆಲಸವಾಗುತ್ತದೆ.

ಇದಕ್ಕೆ ಹಾಳೆಯನ್ನು ಬೈದು ಫಲವಿಲ್ಲ. ಗಾಜಿಗೂ ಹಾಳೆಗೂ ನಡುವೆ ಉಳಿದ ಗಾಳಿಯೇ ಕಾರಣ. ನೀರು ಮತ್ತು ಗಾಜು ದಾಟಿ ಗಾಳಿಗೆ ಹೊರಟ ಬೆಳಕು, ಗಾಜಿಗೆ ನೆಟ್ಟಗೆ ಎದುರಾಗಿ ನಿಂತ ಗೆರೆಗೆ ನೀರಿನೊಳಗೆ ಸುಮಾರು 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಆಚೆ ಹೋಗದೆ ಪೂರ್ತಿ ವಾಪಸ್ ಬರುತ್ತದೆ. ಲೈಟು ಇರುವುದು ತಲೆಯ ಮೇಲೆ. ಹಿಂದಿನ ಗಾಜಿಗೆ ತಾಗುವ ಬೆಳಕಿನಲ್ಲಿ ಬಹುಪಾಲು ಹಾಗೆ ಓರೆಯಾದದ್ದೇ. ಅದು ಹಾಳೆಯವರೆಗೆ ತಲುಪದಿದ್ದರೆ ಬಣ್ಣ ಎಲ್ಲಿಂದ ಬರಬೇಕು? ಕೂದಲೆಳೆಯಷ್ಟು ಗಾಳಿ ಉಳಿದರೂ ಇದೇ ಪಾಡು. ಟೇಪನ್ನು ಎಷ್ಟು ಬಿಗಿದು ಎಳೆದರೂ ಪ್ರಯೋಜನವಿಲ್ಲ.

ಸಂದಿಯನ್ನು ಯಾವುದಾದರೂ ದ್ರವದಿಂದ ತುಂಬಬೇಕು. ನೀರು ಕೆಲವೇ ದಿನಗಳಲ್ಲಿ ಆರಿ ಬಿಳಿ ಉಪ್ಪುಗಲೆ ಬಿಡುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಹಿನ್ನೆಲೆ ತುಂಬ ಮಂಜು. ಉಳಿದ ಅಡುಗೆ ಎಣ್ಣೆಗಳು ತಿಂಗಳುಗಳು ಕಳೆದಂತೆ ಅಂಟಂಟಾಗಿ ಕಮಟುತ್ತವೆ. ಮೂಲೆಯ ಗಾಜಿಗೆ ಎಣ್ಣೆ ಹತ್ತಿದರೆ ಮುಂದೆ ಅಲ್ಲಿ ಸಿಲಿಕೋನ್ ಅಂಟು ಹಾಕಿ ರಿಪೇರಿ ಮಾಡುವಾಗ ಅದು ಕಚ್ಚುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಹರಿಯದ ಕಾರಣ ಬೆರಳಿನ ಗೆರೆಗಳೆಲ್ಲ ಹಾಗೇ ನಿಲ್ಲುತ್ತವೆ.

ಔಷಧಿ ಅಂಗಡಿಯ ಗ್ಲಿಸರಿನ್ ಹಾಕಿ. ಅಷ್ಟೇ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.47, ನೀರಿನದು 1.33, ಗಾಜಿನದು ಸುಮಾರು 1.52. ಗಾಳಿಯಂತೆ ಇದು ನೀರಿನದಕ್ಕಿಂತ ಕಡಿಮೆಯಿಲ್ಲ, ಹೀಗಾಗಿ ಬೆಳಕು ತಡೆಯಿಲ್ಲದೆ ಹಾಳೆಗೆ ಮುಟ್ಟುತ್ತದೆ. ಗ್ಲಿಸರಿನ್ ಆರುವುದೂ ಇಲ್ಲ. ಅದೇ ಹಾಳೆಗೆ ಈಗ 4 ಅಂಕ ಕೊಡಲು ಸಂಕೋಚವಿಲ್ಲ. ಕಪ್ಪು ಮಗ್ಗುಲು ಒಳಗೆ ಬರುವಂತೆ ಹಾಕಿದರೆ ಹಿಂದಿನ ಗಾಜೇ ಮಾಯವಾಗಿ ತೊಟ್ಟಿಗೆ ಆಳ ಬರುತ್ತದೆ, ನಿಯಾನ್ ಟೆಟ್ರಾ ಮೀನುಗಳ ನೀಲಿ ಗೆರೆ ಉರಿದಂತೆ ಕಾಣುತ್ತದೆ.

60×36 ಸೆಂ.ಮೀ. ಗಾಜಿಗೆ 15ರಿಂದ 20 ಮಿ.ಲೀ. ಸಾಕು. ಹಾಳೆಯನ್ನು ಗಾಜಿಗಿಂತ ಪ್ರತಿ ಅಂಚಿನಲ್ಲೂ 5 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಟೇಪ್ ಕಚ್ಚಲು ಬರಿ ಗಾಜು ಬೇಕು. ಬಿಳಿ ಕಲೆಗಳಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಒಣಗಿಸಿ, ಕೊನೆಗೆ ನೂಲು ಬಿಡದ ಬಟ್ಟೆಯಿಂದ ಇನ್ನೊಮ್ಮೆ. ಒಂದು ಧೂಳಿನ ಕಣ ಉಳಿದರೂ ಅದರ ಸುತ್ತ ಬಟಾಣಿ ಗಾತ್ರದ ಗುಳ್ಳೆ ಕೂರುತ್ತದೆ. ಮೇಲಂಚಿನ ಟೇಪನ್ನು ಮೊದಲು ಹಚ್ಚಿ, ಹಾಳೆಯನ್ನು ಪುಟ ಎತ್ತಿದ ಹಾಗೆ ಮೇಲೆತ್ತಿ, ಗಾಜಿನ ಮೇಲ್ಭಾಗದಲ್ಲಿ ಗ್ಲಿಸರಿನ್ನಿನ ಅಡ್ಡಗೆರೆ ಎಳೆಯಿರಿ. ಆಮೇಲೆ ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿಗೆ, ಮೇಲಿನಿಂದ ಕೆಳಗೆ ತಳ್ಳುತ್ತ ಬನ್ನಿ. ಕಪ್ಪು ಬಣ್ಣ ಅಂಗೈಯಗಲ ಅಂಗೈಯಗಲ ಗಾಜಿಗೆ ಇಳಿಯುವುದನ್ನು ನೋಡುವುದೇ ಒಂದು ಸುಖ. ಗುಳ್ಳೆ ಸಿಕ್ಕಿಕೊಂಡರೆ ಸೂಜಿ ಚುಚ್ಚಬೇಡಿ; ಹತ್ತಿರದ ಅಂಚನ್ನು ಬಿಡಿಸಿ ಎರಡು ಹನಿ ಬಿಟ್ಟು ಮತ್ತೆ ತಳ್ಳಿ. ಅಂಚುಗಳ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ತೆಗೆದು, ಗಾಜು ಒಣಗಿದ ಮೇಲೆ ಎಡಬಲಕ್ಕೆ ಟೇಪ್ ಹಾಕಿ. ಕೆಳಗಿನ ಅಂಚು ತೆರೆದೇ ಇರಲಿ, ಹೆಚ್ಚಾದದ್ದು ಇಳಿದುಹೋಗಲು. ಅಲ್ಲಿಗೆ ಮಡಿಸಿದ ಟಿಶ್ಯೂ ಒಂದೆರಡು ದಿನ ಸಾಕು.

ಇದನ್ನೆಲ್ಲ ತೊಟ್ಟಿ ಖಾಲಿ ಇರುವಾಗಲೇ ಮುಗಿಸುವುದು ಒಳ್ಳೆಯದು. ನೀರು ತುಂಬಿದ ತೊಟ್ಟಿಯನ್ನು ಗೋಡೆಯಿಂದ ಎಳೆದರೆ ತಳದ ಗಾಜಿಗೆ ಅಪಾಯ. 60 ಲೀಟರ್ ಎಂದರೆ ನೀರೇ 60 ಕಿಲೋ. ಹಿಂದೆ ಕೈ ಆಡುವಷ್ಟು ಜಾಗವಿದ್ದರೆ ಇದ್ದಲ್ಲೇ ಮಾಡಬಹುದು, ಆದರೆ ಬಾಟಲಿಯನ್ನು ತೊಟ್ಟಿಯ ಮುಚ್ಚಳದ ಮೇಲೆ ಇಡಬೇಡಿ. ಗ್ಲಿಸರಿನ್ ಒಳಗೆ ಚೆಲ್ಲಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ: ನೀರು ಹಾಲಿನಂತಾಗುತ್ತದೆ, ಆಮ್ಲಜನಕ ಇಳಿಯುತ್ತದೆ.

ಕೊರತೆಗಳೂ ಇವೆ. ಗ್ಲಿಸರಿನ್ ಗಾಳಿಯ ತೇವ ಹೀರುವ ಕಾರಣ ಜಡಿಮಳೆಯ ದಿನಗಳಲ್ಲಿ ಕೆಳ ಅಂಚಿನಲ್ಲಿ ಅಂಟು ಹನಿ ಕಾಣಿಸುತ್ತದೆ. ಮೇಲಂಚಿನ ಟೇಪ್ ಎದ್ದರೆ ಇಳಿಯುವ ನೀರು ಗ್ಲಿಸರಿನ್ನನ್ನು ತೊಳೆದುಬಿಡುತ್ತದೆ, ಕನ್ನಡಿ ಮರಳುತ್ತದೆ. ಹಾಗಾಗಿ ನೀರು ಬದಲಿಸಿದ ದಿನ ಹಿಂದಿನ ಅಂಚಿನ ಮೇಲೆ ಒಣಬಟ್ಟೆ ಎಳೆಯುವುದು, ಲೈಟು ಆರಿಸಿ ಪಕ್ಕದ ಗಾಜಿನಿಂದ ಟಾರ್ಚ್ ಬಿಟ್ಟು ನೋಡುವುದು ರೂಢಿಯಾಗಬೇಕು. ಗಾಳಿ ಹೊಕ್ಕ ಜಾಗ ಬೆಳ್ಳಿಯ ಚುಕ್ಕೆಯಾಗಿ ತಾನೇ ಮಿನುಗುತ್ತದೆ. ಸಾಮಾನ್ಯ ಸೆಲೋ ಟೇಪ್ ಬೇಡ, ಅದು ಹಳದಿಯಾಗಿ ಒಣಗಿ ಉದುರುತ್ತದೆ. ಎರಡು ಇಂಚಿನ ಪ್ಯಾಕಿಂಗ್ ಟೇಪ್ ಉತ್ತಮ.

ಚಿತ್ರದ ಮಗ್ಗುಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ನಿಜವಾದ ಗಿಡ, ಹಿಂದೆ ಅಚ್ಚಾದ ಗಿಡ. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತದೆ. ಒಳಗೇ ಕೂರಿಸುವ ಫೋಮಿನ ಬಂಡೆ ಹಲಗೆ ಚೆಂದ ನಿಜ, ಆದರೆ 60×40×3 ಸೆಂ.ಮೀ. ಹಲಗೆಯನ್ನು ನೀರು ಸುಮಾರು 7 ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತದೆ. ಸಿಲಿಕೋನ್ ಸರಿಯಾಗಿ ಹಿಡಿಯದಿದ್ದರೆ ಒಂದು ದಿನ ಎದ್ದು ತೇಲುತ್ತದೆ. ಗಾಜಿನ ಹೊರಮೈಗೆ ಕಪ್ಪು ಪೇಂಟ್ ಬಳಿದರೂ ಸಂದಿಯ ರಗಳೆ ತಪ್ಪುತ್ತದೆ. ಬೇಡವೆನಿಸಿದಾಗ ಮಾತ್ರ ಬ್ಲೇಡ್ ಹಿಡಿದು ಕೆರೆಯುತ್ತ ಕೂರಬೇಕು. ಗ್ಲಿಸರಿನ್ ಹಾಳೆಯಾದರೆ ಟೇಪ್ ಕಿತ್ತು ಕೆಳಕ್ಕೆ ಎಳೆದರೆ ಬಂದುಬಿಡುತ್ತದೆ, ಉಳಿದ ಜಿಡ್ಡು ಬೆಚ್ಚನೆಯ ನೀರಿನ ಬಟ್ಟೆಯ ಎರಡು ಒರೆಸಿಗೆ ಹೋಗುತ್ತದೆ.